ಹದಿನೇಳನೇ ಚಟ್ಟಿಯ ಹಳದಿ ಗೆಲ್ಲು

ಸಂತೋಷದ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಕ್ಕೆ ನನ್ನಿಂದಾಗದು. ನನ್ನ ಮೊಮ್ಮಗಳಿಗೆ ಶಾಲೆಯ ವಿಜ್ಞಾನ ಮೇಳದಲ್ಲಿ ಮೊದಲ ಬಹುಮಾನ ಬಂದಿದೆ! ನಾಲ್ಕನೇ ಕ್ಲಾಸಿನ ಹುಡುಗಿ. ನಾನು ಶಾಲೆಗೆ ಹೋದದ್ದೂ ನಾಲ್ಕನೇ ಕ್ಲಾಸಿನವರೆಗೇ. ನಾನು ಸ್ಲೇಟು ಕೆಳಗಿಟ್ಟ ಮೆಟ್ಟಿಲಿನ ಮೇಲೆ ನಿಂತು ಅವಳು ಕಪ್ ಎತ್ತಿಕೊಂಡಿದ್ದಾಳೆ.

ನಿನ್ನೆ ಸಂಜೆ ನಮ್ಮ ತ್ರಿಪ್ಪುಣಿತ್ತುರದ ಮನೆಯ ಮುಂದೆ ಶಾಲೆಯ ವ್ಯಾನು ನಿಂತದ್ದೇ ತಡ, ಗೇಟು ತೆಗೆಯುವ ಮೊದಲೇ ಕೂಗಿದಳು: "ಅಜ್ಜೀ, ಎನಿಕ್ಕ್ ಫಸ್ಟ್ ಕಿಟ್ಟಿ!" ನನಗೆ ಫಸ್ಟ್ ಬಂತು ಎಂದು. ಮನೆಯೊಳಗೆ ಕನ್ನಡ ಮಾತಾಡು ಮಾರಾಯ್ತಿ ಎಂದು ದಿನಾ ಗದರುವವಳು ನಾನು. ನಿನ್ನೆ ಅದು ಯಾವ ಭಾಷೆ ಎಂದೇ ನನಗೆ ಹೊಳೆಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ಹಾಗೇ ಇತ್ತು, ಬೀದಿಗೆ ಓಡಿದೆ. ಆಚೆ ಮನೆಗೆ, ಈಚೆ ಮನೆಗೆ, ಮೂಲೆಯ ಇಸ್ತ್ರಿ ಅಂಗಡಿಗೆ, ಎಲ್ಲ ಕಡೆ ಹೇಳಿ ಬಂದೆ. ಆಚೆ ಮನೆಯ ಹೆಂಗಸು, "ಬಹುಮಾನ ಬಂದದ್ದು ಕುಟ್ಟಿಗೋ ಅಜ್ಜಿಗೋ?" ಎಂದು ಕೇಳಿ ನಕ್ಕಳು. ಇಬ್ಬರಿಗೂ ಅಂದೆ. ಹೌದು ಮತ್ತೆ!

ಅವಳು ಮಾಡಿದ್ದು ಇಷ್ಟೇ. ನಾಲ್ಕು ತಟ್ಟೆಯಲ್ಲಿ ಹಸಿ ಬಾಳೆಕಾಯಿಯ ಹೋಳು. ಒಂದು ತಟ್ಟೆಯ ಹೋಳನ್ನು ಬರೀ ನೀರಿನಲ್ಲಿ ಅದ್ದಿ ತೆಗೆದದ್ದು, ಒಂದನ್ನು ಮಜ್ಜಿಗೆ ನೀರಿನಲ್ಲಿ, ಒಂದನ್ನು ಸೇವಂತಿಗೆ ಕುದಿಸಿ ಸೋಸಿದ ನೀರಿನಲ್ಲಿ, ಇನ್ನೊಂದನ್ನು ಶಂಖಪುಷ್ಪದ ನೀಲಿ ನೀರಿನಲ್ಲಿ. ಮೊದಲನೆಯ ತಟ್ಟೆ ಕಪ್ಪಾಯಿತು. ಉಳಿದವು ಆಗಲಿಲ್ಲ, ಅಥವಾ ಬಹಳ ತಡವಾಗಿ ಆದವು. ಹೂವಿನಲ್ಲಿ ಕಪ್ಪಾಗುವುದನ್ನು ತಡೆಯುವ ಗುಣ ಉಂಟು, ನಮ್ಮ ಮೈಯ ಒಳಗೂ ಹೀಗೇ ತುಕ್ಕು ಹಿಡಿಯುತ್ತದೆ, ಅದನ್ನೂ ತಡೆಯಬಹುದೋ ಎಂದು ದೊಡ್ಡವರು ಹುಡುಕುತ್ತಿದ್ದಾರೆ ಎಂದು ನಿಂತು ಹೇಳಿದಳಂತೆ. ನೋಡಲು ಬಂದವರು, ಇದನ್ನು ಯಾರು ಹೇಳಿಕೊಟ್ಟದ್ದು ಎಂದು ಕೇಳಿದರಂತೆ. "ಅಜ್ಜಿ" ಅಂದಳಂತೆ.

ಆ ಮಾತಿಗೆ ನಾನು ಇನ್ನಷ್ಟು ಉಬ್ಬಬೇಕಿತ್ತು. ಉಬ್ಬಿದೆ ಕೂಡ, ಸುಳ್ಳು ಯಾಕೆ ಹೇಳಲಿ. ಆದರೆ ಅವಳ ಚೀಲದಿಂದ ಬುತ್ತಿ ಡಬ್ಬಿಯನ್ನು ತೊಳೆಯಲಿಕ್ಕೆಂದು ತೆಗೆದು ಮುಚ್ಚಳ ಎಬ್ಬಿಸಿದೆ ನೋಡಿ, ಮೇಳದಲ್ಲಿ ಉಳಿದ ನಾಲ್ಕಾರು ಸೇವಂತಿಗೆ ಒಳಗೆ ಬಾಡಿ ಬಿದ್ದಿದ್ದವು. ಬೆಚ್ಚಗಿನ, ಕಹಿಗಹಿ ವಾಸನೆ. ಅದು ಮೂಗಿಗೆ ಬಡಿದದ್ದೇ ನಾನು ಅಡಿಗೆಮನೆಯ ನೆಲಕ್ಕೆ ಕುಳಿತುಬಿಟ್ಟೆ. ಅಜ್ಜಿ ಅಲ್ಲ ಮಗಳೇ, ಅಜ್ಜಿ ಅಲ್ಲ...

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಾವು ಆಗ ತಿರುವನಂತಪುರದ ಉಳ್ಳೂರಿನಲ್ಲಿದ್ದೆವು. ಮಗನಿಗೆ ಸರಕಾರದ ಕಚೇರಿಯಲ್ಲಿ ಕೆಲಸ. ನಮ್ಮ ಕಾಸರಗೋಡಿನ ಕಡೆಯಿಂದ ಬರುವ ಕನ್ನಡದ ಕಾಗದಗಳನ್ನು ಮಲಯಾಳಕ್ಕೆ ಬರೆದುಕೊಡುವುದು. ನನ್ನವರು ಹೋದ ಮೇಲೆ ನಾನೂ ಅವನ ಜೊತೆ ಬಂದೆ. ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗೆ ನಾವು. ಕೆಳಗೆ ಮನೆಯ ಯಜಮಾನಿ, ಒಬ್ಬರೇ. ಅವರನ್ನು ಎಲ್ಲರೂ ಟೀಚರ್ ಎಂದೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ. ಹೆಸರು ಗೊತ್ತಿಲ್ಲವೆಂದಲ್ಲ. ಹೆಸರು ಹಿಡಿದು ಬರೆಯಲು ನನಗೆ ಯೋಗ್ಯತೆ ಸಾಲದು.

ಟೀಚರ್ ಹೂವಿನ ಸಂಶೋಧನೆ ಮಾಡುವವರು. ನಿವೃತ್ತಿಗೆ ಕೆಲವು ತಿಂಗಳಷ್ಟೇ ಉಳಿದಿತ್ತು. ಆ ಮಳೆಗಾಲದಲ್ಲಿ ಅವರ ಆಫೀಸಿನ ಗಿಡದ ಚಪ್ಪರ ಕುಸಿದುಹೋಯಿತು. ಹಾಗಾಗಿ ಮೂವತ್ತೆರಡು ಸೇವಂತಿಗೆ ಚಟ್ಟಿಗಳನ್ನು, ಮಣ್ಣಿನ ಹೂಕುಂಡಗಳನ್ನು, ಅನುಮತಿ ಪಡೆದು ಮನೆಯ ತಾರಸಿಗೆ ತಂದಿಟ್ಟುಕೊಂಡಿದ್ದರು. ಪ್ರತಿ ಚಟ್ಟಿಗೂ ಬಿಳಿ ಬಣ್ಣದಲ್ಲಿ ಒಂದು ಸಂಖ್ಯೆ. ಅವು ಸಾಧಾರಣ ಗಿಡಗಳಲ್ಲ. ಚಿಗುರುಕಡ್ಡಿಗಳಿಗೆ ಕಿರಣ ಕೊಟ್ಟು ತಂದು ನೆಟ್ಟವು. ನಮ್ಮ ಬೀದಿಯ ಕೊನೆಗೇ ಮೆಡಿಕಲ್ ಕಾಲೇಜು ಇದ್ದದ್ದರಿಂದ ಅಲ್ಲಿಯ ಹೆಂಗಸರಿಗೆ ಕಿರಣ ಅಂದರೆ ಒಂದೇ ಅರ್ಥ, ರೋಗದ ಗಡ್ಡೆಗೆ ಕರೆಂಟ್ ಕೊಡುವುದು. "ಟೀಚರ್ ಗಿಡಗಳಿಗೂ ಕರೆಂಟ್ ಕೊಟ್ಟಿದ್ದಾರೆ, ಪಾಪ, ಅವಕ್ಕೆ ಎಂತ ರೋಗವೋ" ಎಂದು ಹಾಲಿನವಳು ನನ್ನ ಹತ್ತಿರ ಪಿಸುಗುಟ್ಟಿದ್ದಳು. ನಾನೂ ಮೊದಲ ವಾರ ತಾರಸಿಯಲ್ಲಿ ಸೀರೆ ಒಣಹಾಕಲಿಕ್ಕೆ ಹೆದರಿದೆ. ಟೀಚರಿಗೆ ಗೊತ್ತಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನನ್ನು ಅವರು ಕರೆಯುವುದು ಚೇಚಿ ಎಂದು, ಅಂದರೆ ಅಕ್ಕ.

"ಚೇಚಿ, ಕಿರಣ ಬಂದು ಹೋಯಿತು. ಗಿಡದಲ್ಲಿ ಈಗ ಅದಿಲ್ಲ. ಅದು ಮಾಡಿ ಹೋದ ಬದಲಾವಣೆ ಮಾತ್ರ ಉಂಟು."

ಕೆಲವು ಕಡ್ಡಿ ಸಾಯುತ್ತವೆ, ಕೆಲವು ಸೊಟ್ಟಾಗುತ್ತವೆ, ಹೆಚ್ಚಿನವು ಇದ್ದ ಹಾಗೇ ಇರುತ್ತವೆ, ಎಲ್ಲೋ ಒಂದು ಹೊಸ ಬಣ್ಣವನ್ನೋ ಹೊಸ ವಾಸನೆಯನ್ನೋ ಹೊತ್ತು ಬರುತ್ತದೆ ಎಂದು ಹೇಳಿದರು. ಆ ಎಲ್ಲೋ ಒಂದಕ್ಕಾಗಿ ಅವರು ವರ್ಷಗಟ್ಟಲೆ ಕಾದವರು.

ನಾನು ಅವರ ಕೆಲಸಕ್ಕೆ ಬಂದದ್ದು ನನ್ನ ಮೂಗಿನಿಂದ. ನಮ್ಮ ತವರಿನಲ್ಲಿ ದೇವಸ್ಥಾನಕ್ಕೆ ಹೂ ಕಟ್ಟಿ ಕೊಡುವ ಪದ್ಧತಿ ಇತ್ತು. ದೇವರಿಗೆ ಹೋಗುವ ಹೂವನ್ನು ಮೂಸಬಾರದು. ಮೂಸಿದರೆ ಅದು ಎಂಜಲಾಯಿತು, ದೇವರಿಗೆ ಆಗದು. ಸಣ್ಣವಳಿದ್ದಾಗ ಹೂವನ್ನು ಮೂಗಿನ ಹತ್ತಿರ ತಂದೆನೆಂದು ಅಮ್ಮನಿಂದ ಪೆಟ್ಟು ತಿಂದಿದ್ದೇನೆ. ಆದರೆ ಮಲ್ಲಿಗೆ ಹಳತೋ ಹೊಸತೋ, ಕೇದಗೆಯೊಳಗೆ ಹುಳ ಬಿದ್ದಿದೆಯೋ ಎಂದು ತಿಳಿಯದೆ ಕಟ್ಟುವುದು ಹೇಗೆ? ಹಾಗಾಗಿ ಮೊಳದಷ್ಟು ದೂರ ಇಟ್ಟು, ತಲೆ ಬಗ್ಗಿಸದೆ, ಗಾಳಿಯಲ್ಲಿ ಬಂದಷ್ಟರಲ್ಲೇ ವಾಸನೆ ಹಿಡಿಯುವುದು ನಮಗೆ ಅಭ್ಯಾಸ. ಒಂದು ದಿನ ತಾರಸಿಯಲ್ಲಿ ಸೀರೆ ಕೊಡವುತ್ತಾ, "ಟೀಚರೇ, ಆ ಒಂಬತ್ತನೇ ಚಟ್ಟಿಯ ಹೂವಿಗೆ ಹಸಿ ಶುಂಠಿ ಜಜ್ಜಿದ ಕಲ್ಲಿನ ವಾಸನೆ" ಎಂದುಬಿಟ್ಟೆ. ನಿಂತ ಜಾಗದಿಂದಲೇ. ಟೀಚರ್ ಹೋಗಿ ಬಗ್ಗಿ, ಕಣ್ಣು ಮುಚ್ಚಿ ಮೂಸಿದರು. ಆಮೇಲೆ ನನ್ನನ್ನು ನೋಡಿದರು. ಆ ನೋಟ ಈಗಲೂ...

ಅಂದಿನಿಂದ ದಿನಾ ಬೆಳಗ್ಗೆ ನಮ್ಮಿಬ್ಬರಿಗೂ ಅದೇ ಕೆಲಸ. ನಾನು ಹೇಳುವುದು, ಅವರು ನೀಲಿ ರಟ್ಟಿನ ನೋಟ್‌ಪುಸ್ತಕದಲ್ಲಿ ಬರೆಯುವುದು. ಕರ್ಪೂರದ ಡಬ್ಬಿ ತೆಗೆದು ಮುಚ್ಚಿದ ಹಾಗೆ. ಮಾವಿನ ಎಲೆ ಕಿವುಚಿದ ಹಾಗೆ. ಒಂದು ಚಟ್ಟಿಗೆ, "ಸುಡುಗಾಡಿನ ಹಾರದ ವಾಸನೆ" ಅಂದಾಗ, "ಅಯ್ಯೋ ಚೇಚಿ, ಇದನ್ನು ವರದಿಯಲ್ಲಿ ಹೇಗೆ ಬರೆಯಲಿ!" ಎಂದು ಪೆನ್ನು ಕೆಳಗಿಟ್ಟು ನಕ್ಕರು. ಆಮೇಲೆ ಬರೆದರು ಕೂಡ. ನನ್ನ ಮಾತಿನ ಎದುರು ಇಂಗ್ಲಿಷಿನಲ್ಲಿ ಒಂದೊಂದು ಹೆಸರು ಬೀಳುತ್ತಿತ್ತು.

ಒಮ್ಮೆ ನನ್ನನ್ನು ಅವರ ಆಫೀಸಿಗೂ ಕರೆದುಕೊಂಡು ಹೋದರು. ವಾಸನೆಯನ್ನು ಬಿಡಿಸಿ ಹೇಳುವ ಯಂತ್ರ ಅಲ್ಲಿತ್ತು. ಅದು ಕಾಗದದ ಮೇಲೆ ಗುಡ್ಡದ ಸಾಲಿನ ಹಾಗೆ ಗೆರೆ ಎಳೆಯುತ್ತದೆ. ಒಂದೊಂದು ಗುಡ್ಡ ಒಂದೊಂದು ವಾಸನೆ. ಎಲ್ಲ ಸೇರಿ ಮೂಗಿಗೆ ಏನಾಗುತ್ತದೆ ಎಂಬುದು ಯಂತ್ರಕ್ಕೆ ಗೊತ್ತಿಲ್ಲವಂತೆ. "ಅದಕ್ಕೇ ನಿಮ್ಮನ್ನು ಕರೆತಂದದ್ದು" ಅಂದರು. ಇನ್ನೊಂದು ಕೋಣೆಯಲ್ಲಿ ಸಣ್ಣ ಗಾಜಿನ ನಳಿಗೆಯಲ್ಲಿ ನೇರಳೆ ಬಣ್ಣದ ದ್ರವ. ಅದಕ್ಕೆ ಹೂವಿನ ಸಾರ ಹಾಕಿದರೆ ನೇರಳೆ ಇಳಿದು ಹಳದಿಯಾಗುತ್ತದೆ. ಎಷ್ಟು ಬೇಗ ಇಳಿಯಿತೋ ಹೂವಿಗೆ ಅಷ್ಟು ಶಕ್ತಿ. ಯಾವುದರ ಶಕ್ತಿ ಎಂದು ಕೇಳಿದೆ. ಗಾಳಿ ತಾಗಿ ಹಾಳಾಗುವುದನ್ನು ತಡೆಯುವ ಶಕ್ತಿ ಎಂದರು. ನನಗೆ ಹೊಳೆಯಿತು.

"ಅಂದರೆ ನಾವು ಬಾಳೆಕಾಯಿ ಹೆಚ್ಚಿ ಮಜ್ಜಿಗೆ ನೀರಿಗೆ ಹಾಕುವುದು. ಕಪ್ಪಾಗದ ಹಾಗೆ."

ಟೀಚರ್ ನಳಿಗೆ ಹಿಡಿದ ಹುಡುಗಿಯರ ಕಡೆ ತಿರುಗಿ, "ಕೇಳಿದಿರಾ? ನಾನು ಎರಡು ತಿಂಗಳು ಪಾಠ ಮಾಡಿದ್ದನ್ನು ಇವರು ಒಂದು ಬಾಳೆಕಾಯಿಯಲ್ಲಿ ಮುಗಿಸಿದರು!" ಅಂದರು. ಅಷ್ಟು ಮರ್ಯಾದೆ ನನಗೆ ಯಾವ ಸಭೆಯಲ್ಲೂ ಆಗಿಲ್ಲ. ಮೊಮ್ಮಗಳಿಗೆ ನಾನು ಹೇಳಿಕೊಟ್ಟದ್ದು ಈ ಮಾತನ್ನೇ. ಬಾಳೆಕಾಯಿ ನನ್ನದು, ಉಳಿದದ್ದೆಲ್ಲ ಅವರದು.

ಅವರಿಗೆ ಬೇಕಾಗಿದ್ದದ್ದು ಒಂದೇ ಹೂ. ನೋಡಲಿಕ್ಕೂ ಚೆಂದ ಇರಬೇಕು, ಒಣಗಿಸಿ ಕುದಿಸಿ ಕುಡಿಯಲಿಕ್ಕೂ ಬರಬೇಕು. ಶಕ್ತಿ ಇದ್ದ ಹೂವುಗಳಿಗೆಲ್ಲ ಔಷಧಿಯ ವಾಸನೆ, ಬಾಯಿಗೆ ಹತ್ತಿರ ತರಲಾಗದು. ವಾಸನೆ ಒಳ್ಳೆಯದಿದ್ದ ಹೂವು ಹಾಕಿದರೆ ನೇರಳೆ ನೀರು ಜಪ್ಪಯ್ಯ ಅಂದರೂ ಇಳಿಯುತ್ತಿರಲಿಲ್ಲ. ಎರಡೂ ಒಂದರಲ್ಲಿ ಬರಬೇಕು. ಅದು ಬಂದರೆ ಇಷ್ಟು ವರ್ಷದ ಕೆಲಸಕ್ಕೆ ಅರ್ಥ ಬಂತು, ಬರದಿದ್ದರೆ ಸುಮ್ಮನೆ ಮನೆಗೆ ಹೋಗುವುದು ಎಂದು ನಗುತ್ತಾ ಹೇಳುತ್ತಿದ್ದರು. ನಗು ಬಾಯಲ್ಲಿ ಮಾತ್ರ ಇರುತ್ತಿತ್ತು.

ಹದಿನೇಳನೇ ಚಟ್ಟಿಯ ಗಿಡ ಶಕ್ತಿಯಲ್ಲಿ ಎಲ್ಲದಕ್ಕಿಂತ ಮುಂದೆ. ತಿಳಿ ಕೆನ್ನೇರಳೆ ಹೂ, ವಾಸನೆ ಮಾತ್ರ ಕಷಾಯದ್ದು. ಚಳಿಗಾಲದ ಒಂದು ಬೆಳಗ್ಗೆ ಟೀಚರ್ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು ನನ್ನನ್ನು ಕೂಗಿದರು. ಗಿಡದ ಒಂದು ಗೆಲ್ಲಿನಲ್ಲಿ, ಆ ಒಂದು ಕೊಂಬೆಯಲ್ಲೇ, ಬಿರಿಯಲಿಕ್ಕೆ ಹೊರಟ ಒಂದು ಮೊಗ್ಗು. ಎಸಳಿನ ತುದಿ ಹಳದಿ.

"ಹಳದಿಯೇ ಅಲ್ವಾ ಚೇಚಿ? ಮೂಸಬೇಡಿ, ಅದಿನ್ನೂ ಬಿರಿಯಲಿ. ದೂರದಿಂದ ಹೇಳಿ."

ನಾನು ಮೊಳದಷ್ಟು ದೂರ ನಿಂತೆ. ಗಾಳಿ ಸ್ವಲ್ಪ ಆಚೆಯಿಂದ ಬಂತು. "ಎಳೆ ಏಲಕ್ಕಿ" ಅಂದೆ. "ಒಣಗಿದ್ದಲ್ಲ. ಗಿಡದಿಂದ ಆಗಷ್ಟೇ ಕಿತ್ತು ಹಸಿರು ಸಿಪ್ಪೆ ಬಿಡಿಸಿದಾಗಿನದ್ದು."

ಟೀಚರ್ ನೀಲಿ ಪುಸ್ತಕದಲ್ಲಿ ಒಂದೇ ಸಾಲು ಬರೆದು, ದಿನಾಂಕ ಹಾಕಿ, ಪುಸ್ತಕವನ್ನು ಎದೆಗೆ ಒತ್ತಿಕೊಂಡರು. ಅದೇ ದಿನ ಆಫೀಸಿನಲ್ಲೂ ಹೇಳಿ ಬಂದರಂತೆ. ಮರುದಿನ ಅವರು ಕೊಚ್ಚಿಗೆ ಹೋಗಲೇಬೇಕಿತ್ತು. ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ದಿನ ಗೊತ್ತಾಗಿತ್ತು, ಎಡಪ್ಪಳ್ಳಿಯ ತಂಗಿಯ ಮನೆಯಲ್ಲಿ ಹತ್ತು ದಿನ ಇರುವುದು. ಹೊರಡುವಾಗ ಕೀಲಿಕೈ ನನ್ನ ಅಂಗೈಯಲ್ಲಿಟ್ಟು, "ಗಿಡ ಜೋಪಾನ. ನೀರು ಮಾತ್ರ, ಬೇರೇನೂ ಬೇಡ" ಎಂದರು.

ಅವರು ಹೋಗಿ ನಾಲ್ಕನೇ ದಿನ ನನ್ನ ಸೊಸೆಗೆ ಹೆರಿಗೆ ನೋವು ಬಂತು. ಮರುದಿನ ಕೇರಳವಿಡೀ ಹರತಾಳ. ಆಟೋ ಇಲ್ಲ, ಬಸ್ಸಿಲ್ಲ, ಒಂದು ಅಂಗಡಿಯ ಬಾಗಿಲು ತೆರೆದಿಲ್ಲ. ಮಗ ಆಸ್ಪತ್ರೆಯಿಂದ ನಡೆದುಕೊಂಡೇ ಬಂದ. ಮೆಟ್ಟಿಲು ಹತ್ತುತ್ತಾ ಹೇಳಿದ, "ಅಮ್ಮಾ, ಹೆಣ್ಣು! ಇಬ್ಬರೂ ಹುಷಾರು." ನನ್ನ ಮೊದಲ ಮೊಮ್ಮಗು, ನಿನ್ನೆ ಕಪ್ ತಂದವಳು ಇವಳೇ. ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಹೆರಿಗೆಯ ಸೂತಕವೂ ನೆನಪಾಗಲಿಲ್ಲ, ತಲೆಗೆ ನೀರು ಸುರಿದುಕೊಂಡು ಬಂದು ದೇವರಿಗೆ ದೀಪ ಹಚ್ಚಿದೆ. ಹೂವಿಲ್ಲ. ಅಂಗಳಕ್ಕೆಲ್ಲ ಸಿಮೆಂಟು, ಜಂಕ್ಷನ್ನಿನ ಹೂವಿನವಳಿಗೂ ಹರತಾಳ. ಮಗು ಹುಟ್ಟಿದ ದಿನ ದೇವರ ಮುಂದೆ ಹೂವಿಲ್ಲದೆ ಇರುವುದು ಹೇಗೆ? ತಾರಸಿಗೆ ಹೋದೆ.

ಮೂವತ್ತೆರಡು ಚಟ್ಟಿ ತುಂಬ ಹೂ. ಆದರೆ ಒಂದೂ ದೇವರಿಗೆ ಆಗುವುದಲ್ಲ. ಎಲ್ಲವನ್ನೂ ಟೀಚರ್ ಮೂಸಿ ಆಗಿತ್ತು. ಮೂಸದೆ ಉಳಿದದ್ದು ಒಂದೇ ಒಂದು, ಆ ಬೆಳಗ್ಗೆಯೇ ಪೂರ್ತಿ ಬಿರಿದು ನಿಂತಿದ್ದ ಹದಿನೇಳನೇ ಚಟ್ಟಿಯ ಹಳದಿ ಹೂ.

ನಾನು ಯೋಚನೆಯನ್ನೇ ಮಾಡಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಮಾಡಿದೆ. ಗಿಡ ಜೋಪಾನ ಎಂದಿದ್ದಾರೆ, ಗಿಡ ಇದೆಯಲ್ಲ, ಹೂ ಇನ್ನೊಂದು ಬಿಡುತ್ತದೆ ಎಂದುಕೊಂಡೆ. ಹೊಸ ಗಿಡದ ಮೊದಲ ಹೂ ದೇವರಿಗೇ ಹೋಗಬೇಕಾದದ್ದು, ಟೀಚರಿಗೂ ಒಳ್ಳೆಯದೇ ಎಂದುಕೊಂಡೆ. ಕಿತ್ತೆ. ಸಂತೋಷದಲ್ಲಿ ಕೈಗೆ ಅಳತೆ ಇರಲಿಲ್ಲ, ಗೆಲ್ಲು ಬುಡದಿಂದಲೇ ಸೀಳಿ ಬಂತು. ಹಾಗೇ ಒಯ್ದು ದೇವರ ಪಟಕ್ಕೆ ಮುಡಿಸಿದೆ. ಇಡೀ ಮನೆ ಎಳೆ ಏಲಕ್ಕಿಯ ಪರಿಮಳ... ಆ ಪರಿಮಳದಲ್ಲಿ ಕುಳಿತು ಮೊಮ್ಮಗಳ ಆಯುಸ್ಸು ಬೇಡಿಕೊಂಡೆ. ಮರುದಿನ ನಿರ್ಮಾಲ್ಯವನ್ನು ಪದ್ಧತಿಯಂತೆ ದೇವಸ್ಥಾನದ ಕೆರೆಗೆ ಬಿಟ್ಟು ಬಂದೆ.

ಸೇವಂತಿಗೆಯ ಕಡ್ಡಿಯನ್ನು ಎಲ್ಲಿ ಚುಚ್ಚಿದರೂ ಬೇರು ಬಿಡುತ್ತದೆ. ಇದು ನನಗೆ ಐದು ವರ್ಷದವಳಿದ್ದಾಗಿನಿಂದ ಗೊತ್ತು. ಆದರೆ ದೇವರಿಗೆ ಮುಡಿಸಿದ್ದನ್ನು ಇಳಿಸಿ ತಂದು ನೆಡುವುದು ನಮ್ಮಲ್ಲಿಲ್ಲ. ಆ ಯೋಚನೆ ಕೂಡ ಹತ್ತಿರ ಸುಳಿಯಲಿಲ್ಲ.

ಟೀಚರ್ ಹತ್ತು ದಿನ ಕಳೆದು ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಬಂದವರು ಮೊದಲು ಮಗುವನ್ನು ನೋಡಿ, ಅದರ ನೆತ್ತಿ ಮೂಸಿ, "ಇದಕ್ಕೆ ಯಂತ್ರವೂ ಬೇಡ, ಚೇಚಿಯೂ ಬೇಡ, ಇದು ಹಾಲಿನ ವಾಸನೆ" ಎಂದು ತಮಾಷೆ ಮಾಡಿದರು. ಆಮೇಲೆ ತಾರಸಿ ಹತ್ತಿದರು. ನಾನೂ ಹಿಂದೆಯೇ ಹೋದೆ. ಹೇಳಿಬಿಡುವುದೆಂದೇ ಹೋದದ್ದು. ದೇವರಿಗೆ ಕೊಟ್ಟೆ ಟೀಚರೇ, ಇನ್ನೊಂದು ಬಿಡುತ್ತದೆ ಎಂದು ಹೇಳಲು ಬಾಯಿ ತೆರೆದಿದ್ದೆ ಕೂಡ.

ಅವರು ಹದಿನೇಳರ ಮುಂದೆ ತುಂಬ ಹೊತ್ತು ಕುಳಿತರು. ಎಲೆಗಳನ್ನು ಸರಿಸಿ ನೋಡಿದರು. ಸೀಳಿದ ಗಾಯ ಒಣಗಿ ಎಲೆಯ ಮರೆಗೆ ಸರಿದಿತ್ತು. ಹೊಸ ಕಣ್ಣಿಗೆ ಔಷಧಿ ಬಿಟ್ಟುಕೊಂಡು ಬಂದವರಿಗೆ ಅದು ಕಾಣಲಿಲ್ಲ. ಕಂಡದ್ದೆಲ್ಲ ಕೆನ್ನೇರಳೆ ಹೂ.

"ಡಾಕ್ಟರ್ ಹೇಳಿದರು ಚೇಚಿ. ಪೊರೆ ಬಂದ ಕಣ್ಣಿಗೆ ಲೋಕವೆಲ್ಲ ಹಳದಿ ಕಾಣುತ್ತದಂತೆ. ಆಪರೇಷನ್ ಆದ ಮೇಲೆ ತಂಗಿಯ ಮನೆಯ ಗೋಡೆ ಬಿಳಿ ಎಂದು ನನಗೆ ಗೊತ್ತಾಯಿತು." ಇನ್ನೊಂದು ಎಲೆ ಸರಿಸುತ್ತಾ ಅಂದರು, "ನಿಜವಾಗಿದ್ದಿದ್ದರೆ ಅದು ಆ ಒಂದು ಗೆಲ್ಲಿನಲ್ಲಿ ಮಾತ್ರ ಇರುತ್ತಿತ್ತು. ಉಳಿದ ಗಿಡಕ್ಕೆ ಅದರ ಸುದ್ದಿಯೇ ಇಲ್ಲ. ಆ ಗೆಲ್ಲಿನ ಕಡ್ಡಿ ತೆಗೆದು ನೆಡಬೇಕು, ಹಾಗೆಯೇ ಅದು ಉಳಿಯುವುದು."

ನನ್ನ ಬಾಯಿ ತೆರೆದದ್ದು ಹಾಗೇ ಮುಚ್ಚಿತು. ನಾನು ಕಿತ್ತದ್ದು ಹೂವನ್ನಲ್ಲ ಎಂದು ತಿಳಿದದ್ದು ಆಗ.

"ಆದರೆ ವಾಸನೆ?" ಎಂದು ತಿರುಗಿದರು. "ನನ್ನ ಕಣ್ಣು ಬಿಡಿ. ನಿಮಗೆ ಏಲಕ್ಕಿ ಬಂದಿತ್ತಲ್ಲ? ನಿಮ್ಮ ಮೂಗು ತಪ್ಪುವುದಿಲ್ಲ."

ಕೆಳಗೆ ಐದಾರು ದಿನದ ಮಗು. ಅದು ಹುಟ್ಟಿದ ದಿನ ದೇವರಿಗೆ ಕೊಟ್ಟ ಹೂ ಕದ್ದದ್ದು ಎಂದು ಬಾಯಿಂದ ಬಂದರೆ ಮಗುವಿಗೆ ಏನಾದೀತೋ ಎಂಬ ಹೆದರಿಕೆ ಒಂದು. ಅದಕ್ಕಿಂತ ದೊಡ್ಡದು ನಾಚಿಕೆ. ನಾಲ್ಕನೇ ಕ್ಲಾಸಿನವಳನ್ನು ಹುಡುಗಿಯರ ಮುಂದೆ ನಿಲ್ಲಿಸಿ ಹೊಗಳಿದ ಹೆಂಗಸು ಅವರು.

"ಆ ದಿನ ಪಾಯಸಕ್ಕೆ ಏಲಕ್ಕಿ ಕುಟ್ಟಿದ್ದೆ ಟೀಚರೇ," ಅಂದೆ. "ಕೈಯಲ್ಲಿ ಉಳಿದ ವಾಸನೆಯೇ ಇರಬೇಕು."

ಟೀಚರ್ ತಲೆಯಾಡಿಸಿದರು. ಕೆಳಗೆ ಹೋಗಿ ನೀಲಿ ಪುಸ್ತಕ ತಂದರು. ಅಳತೆಪಟ್ಟಿ ಇಟ್ಟು, ಆ ಒಂದು ಸಾಲಿನ ಮೇಲೆ ನೀಟಾಗಿ ಗೆರೆ ಎಳೆದರು. ಪಕ್ಕದಲ್ಲಿ ಏನೋ ಬರೆದರು. ಏನೆಂದು ನಾನು ಕೇಳಲಿಲ್ಲ, ಅವರೇ ಹೇಳಿದರು. "ನೋಡಿದವರ ತಪ್ಪು."

ಆಫೀಸಿನಲ್ಲಿ ಕಿರಿಯರು ಅದಕ್ಕೆ "ಪೊರೆ ಸೇವಂತಿಗೆ" ಎಂದು ಹೆಸರಿಟ್ಟರಂತೆ. ಟೀಚರೇ ಬಂದು ನನಗೆ ಹೇಳಿ ನಕ್ಕರು. ಆದರೆ ಅಂದಿನಿಂದ ಅವರು ತಮ್ಮ ಕಣ್ಣನ್ನೇ ನಂಬಲಿಲ್ಲ. ಪೊರೆ ತೆಗೆದ, ಸ್ವಚ್ಛವಾದ ಕಣ್ಣು ಅದು! ನಿಂಬೆಹಣ್ಣು ತಂದರೆ, "ಚೇಚಿ, ಇದು ಹಳದಿಯಾ, ಹಸಿರಾ?" ಎಂದು ಮಹಡಿಗೆ ಹಿಡಿದುಕೊಂಡು ಬರುವರು. ಹೊಸ ಮೊಗ್ಗು ಕಂಡರೆ ಪುಸ್ತಕ ತೆರೆಯುವ ಮೊದಲು ನನ್ನ ಮುಖ ನೋಡುವರು. ಆ ಬೇಸಿಗೆಯಲ್ಲಿ ಅವರು ನಿವೃತ್ತರಾದರು. ಚಟ್ಟಿಗಳನ್ನು ಆಫೀಸಿನ ವ್ಯಾನು ಬಂದು ಒಯ್ದಿತು. ಹದಿನೇಳನೆಯದನ್ನು ಎತ್ತುವಾಗ ನಾನು ಒಳಗೆ ಹೋಗಿ ನಿಂತಿದ್ದೆ.

ಮಗನಿಗೆ ವರ್ಗವಾಗಿ ನಾವು ಇಲ್ಲಿಗೆ ಬಂದೆವು. ಮೊಮ್ಮಗಳಿಗೆ ಐದು ತುಂಬಿದ ವರ್ಷ ಟೀಚರ್ ಎಡಪ್ಪಳ್ಳಿಯ ತಂಗಿಯ ಮನೆಗೆ ಬಂದು ಉಳಿದಿದ್ದಾರೆ, ಹುಷಾರಿಲ್ಲ ಎಂದು ತಿಳಿಯಿತು. ಮಗುವಿನ ಕೈ ಹಿಡಿದುಕೊಂಡು ಎರಡು ಬಸ್ಸು ಹತ್ತಿ ಹೋದೆ. ಇಂದು ಹೇಳಿಯೇ ಬರುವುದು ಎಂದು ದಾರಿಯಿಡೀ ಮಾತು ಜೋಡಿಸಿಕೊಂಡಿದ್ದೆ. ಟೀಚರ್ ಬಹಳ ಇಳಿದುಹೋಗಿದ್ದರು. ನನ್ನನ್ನು ಕಂಡು ಎದ್ದು ಕುಳಿತರು. ತಂಗಿಯನ್ನು ಕರೆದು, "ನೋಡು, ನನ್ನ ಮೂಗು ಬಂದಿದೆ" ಎಂದು ಪರಿಚಯ ಮಾಡಿಸಿದರು.

"ಆ ಹದಿನೇಳರಲ್ಲಿ ಮಾತ್ರ ನಾವಿಬ್ಬರೂ ಒಟ್ಟಿಗೆ ಮೋಸ ಹೋದೆವು. ಅಲ್ವಾ ಚೇಚಿ? ಸದ್ಯ, ನಾನು ಒಬ್ಬಳೇ ಅಲ್ಲ."

ಸದ್ಯ ಎಂದರು. ಆ ಒಂದು ಸಮಾಧಾನವನ್ನು ಕಿತ್ತುಕೊಳ್ಳಬೇಕೆ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಅದು ನೆಪ. ಹೇಳಿದ್ದಿದ್ದರೆ ಅವರಿಗೆ ಅವರ ಕಣ್ಣು ವಾಪಸು ಸಿಗುತ್ತಿತ್ತು. ನಾನು ಅವರ ತಂಗಿ ಕೊಟ್ಟ ಚಹಾ ಕುಡಿದೆ, ಚೆನ್ನಾಗಿದೆ ಅಂದೆ, ಬಸ್ಸು ಹತ್ತಿದೆ.

ಮಳೆಗಾಲ ಶುರುವಾಗುವ ಮೊದಲು ಅವರು ತೀರಿಹೋದರು. ನಾನು ಹೋಗಿ ನೋಡಿದೆ. ತಿಂಗಳು ಕಳೆದು ಧೈರ್ಯ ಮಾಡಿ ಮತ್ತೊಮ್ಮೆ ಆ ಮನೆಗೆ ಹೋಗಿ, ನೀಲಿ ರಟ್ಟಿನ ಪುಸ್ತಕ ಇದೆಯೇ ಎಂದು ತಂಗಿಯನ್ನು ಕೇಳಿದೆ. ಆ ಗೆರೆಯ ಕೆಳಗೆ ನನ್ನದೇ ಕೈಯಲ್ಲಿ ಒಂದು ಮಾತು ಬರೆಯಬೇಕು ಎಂದಿತ್ತು. "ಅಯ್ಯೋ, ಹಳೆ ಪೇಪರಿನವನಿಗೆ ಹಾಕಿಬಿಟ್ಟೆವಲ್ಲಾ" ಅಂದರು ಆಕೆ. ಪಾಪ, ಆಕೆಯದೇನು ತಪ್ಪು.

ನಿನ್ನೆ ಅಡಿಗೆಮನೆಯ ನೆಲದಲ್ಲಿ ಕುಳಿತಿದ್ದ ನನ್ನನ್ನು ಸೊಸೆ ಕಂಡು, "ಅತ್ತೇ, ಎಂತ ಆಯ್ತು? ತಲೆ ತಿರುಗಿತಾ?" ಎಂದು ಓಡಿ ಬಂದಳು. ಏನಿಲ್ಲ, ಕಪ್ ನೋಡಿ ಸಂತೋಷ ಜಾಸ್ತಿಯಾಯಿತು ಅಂದೆ. ಅವಳು ಪಾಯಸಕ್ಕೆ ಇಟ್ಟಿದ್ದಳು. ನಾನು ಉಳಿದ ಬಾಳೆಕಾಯಿಯನ್ನು ಹೆಚ್ಚಿ ಮಜ್ಜಿಗೆ ನೀರಿಗೆ ಹಾಕಿದೆ, ಪಲ್ಯಕ್ಕೆ. ಮಗನೂ ಬೇಗ ಬಂದ. ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತೆವು. ಮೇಜಿನ ನಡುವೆ ಕಪ್.

ಮೊಮ್ಮಗಳು ಮೇಳದ ನೋಟ್‌ಪುಸ್ತಕವನ್ನು ಊಟದ ಮೇಜಿಗೇ ತಂದಿದ್ದಳು. ಅಪ್ಪ ಓದಲೇಬೇಕಂತೆ. ಮಗ ಓದಿದ, ಕೊನೆಯ ಪುಟದಲ್ಲಿ ಸಹಾಯ ಮಾಡಿದವರು ಎಂಬಲ್ಲಿ ಅಜ್ಜಿ ಎಂದಿತ್ತು. ನೀರು ಕುಡಿದು, ಹೇಳಿದೆ. ಎಲ್ಲವನ್ನೂ. ಹರತಾಳದಿಂದ ಹಿಡಿದು ಕೆರೆಯವರೆಗೆ, ಅಳತೆಪಟ್ಟಿಯವರೆಗೆ. ಇಷ್ಟು ವರ್ಷ ಮಗನಿಗೂ ಹೇಳಿರಲಿಲ್ಲ. ಅವನು ತಟ್ಟೆಯಿಂದ ಕೈ ತೆಗೆದ. "ಅಮ್ಮ, ನೀನು ಆಗಲೇ ಹೇಳಬಹುದಿತ್ತು" ಎಂದ, ಅಷ್ಟೇ.

ಮೊಮ್ಮಗಳಿಗೆ ಮಾತ್ರ ಪೂರ್ತಿ ಅರ್ಥವಾಗಿಲ್ಲ ಎಂದುಕೊಂಡಿದ್ದೆ. "ಅಪ್ಪೋ ಟೀಚರೋಡ್ ಪರಞ್ಞಿಲ್ಲೇ?" ಎಂದಳು. ಹಾಗಾದರೆ ಟೀಚರಿಗೆ ಹೇಳಲೇ ಇಲ್ಲವಾ ಎಂದು. ಇಲ್ಲ ಮಗಳೇ ಅಂದೆ. ಅವಳು ಎಡಗೈಯಲ್ಲಿ ಪುಸ್ತಕ ಎಳೆದುಕೊಂಡು ಒಂದು ಖಾಲಿ ಪುಟ ತೆರೆದಳು. ಬಲಗೈ ತೊಳೆದು ಬಂದು ಪೆನ್ನು ಹಿಡಿದಳು. "ಅವರು ಎಂತ ಬರೆದಿದ್ದರು ಅಜ್ಜಿ? ಹೇಳು." ಈ ಸಲ ಕನ್ನಡದಲ್ಲಿ.

ನಾನು ಹೇಳಿದೆ, ಅವಳು ಬರೆದಳು. ಹದಿನೇಳನೇ ಚಟ್ಟಿ. ಒಂದು ಗೆಲ್ಲು. ಹಳದಿ ಹೂ. ಎಳೆ ಏಲಕ್ಕಿಯ ವಾಸನೆ. ನೋಡಿದವರು, ಟೀಚರ್. ಅವಳು ಬರೆದದ್ದು ಮಲಯಾಳ ಅಕ್ಷರದಲ್ಲಿ. ಒಳ್ಳೆಯದೇ ಆಯಿತು, ಟೀಚರಿಗೆ ಓದಲು ಬರುತ್ತಿದ್ದ ಅಕ್ಷರ. ಓದಲು ಅವರಿಲ್ಲ.

ಅಷ್ಟರಲ್ಲಿ ಸೊಸೆ ಪಾಯಸ ತಂದಳು. ಬಟ್ಟಲಿನಿಂದ ಏಲಕ್ಕಿಯ ಆವಿ ಎದ್ದಿತು. ಮೊಮ್ಮಗಳು ತನ್ನ ಬಟ್ಟಲನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಹೀಗಾ ಇದ್ದದ್ದು?" ಎಂದು ಕೇಳಿದಳು. ಮೂವರೂ ನನ್ನನ್ನೇ ನೋಡುತ್ತಿದ್ದರು.

"ಅಲ್ಲ," ಅಂದೆ. "ಇದು ಕುಟ್ಟಿದ ಏಲಕ್ಕಿ. ಅದು ಬೇರೆ."

ಆಮೇಲೆ ನಾವೆಲ್ಲ ಪಾಯಸ ಉಂಡೆವು.